ಆಪಾಳ ಮುಖಕ್ಕೆ ಹಚ್ಚಿದ ಸೀರಮ್

ಚಳ್ಳಕೆರೆ
18 ಏಪ್ರಿಲ್ 2007

ಪ್ರೀತಿಯ ಮುಬಷೀರ್ ಭಾಯಿಗೆ,

ಜಬೀನಳ ಸಲಾಂ. ದುಬೈನಲ್ಲಿ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮಿ ಪಕ್ಕದಲ್ಲೇ ನಿಂತು ಚಿವುಟುತ್ತಾಳೆ. ಒಂಬತ್ತನೇ ಕ್ಲಾಸಿಗೇ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದು. ಈಗ ಬಳೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಟೈಲರಿಂಗ್ ಬಿಟ್ಟೆ. ನಗಬೇಡ.

ನಿನ್ನ ಜೊತೆ ಕೆಲಸ ಮಾಡುವ ಅಫ್ಜಲ್ ರಜೆಗೆ ಬಂದಾಗ ನೀನು ಕೊಟ್ಟು ಕಳಿಸಿದ ಸೀರಮ್ ಕೊಟ್ಟ. ಆಂಟಿಆಕ್ಸಿಡೆಂಟ್ ಅಂತೆ, ಮುಖದ ವಯಸ್ಸು ಇಳಿಸುತ್ತದಂತೆ. ಮೊಳಕಾಲ್ಮೂರಿನ ಟೈರ್ ಅಂಗಡಿಯವರು ಆಯೇಷಾ ಆಪಾಳನ್ನು ನೋಡಲು ಶುಕ್ರವಾರ ಬರುವವರಿದ್ದರು. ಇದೂ ತಪ್ಪಿದರೆ ಇನ್ನು ಎರಡನೇ ಸಂಬಂಧದವರೇ ಗತಿ ಎಂದು ಅಮ್ಮಿಗೆ ನಿದ್ದೆಯಿರಲಿಲ್ಲ. ಆಪಾಗೆ ಮೂವತ್ತೊಂದು. ಅವರಿಗೆ ಹೇಳಿದ್ದು ಇಪ್ಪತ್ತೈದು. ನೀನೂ ಒಪ್ಪಿದ್ದೆ.

ನಮ್ಮದು ಎಣ್ಣೆ ಮಿಲ್ಲಿನ ಊರು. ಮೈಗೆ ಹಚ್ಚುವುದು ಏನೇ ಬರಲಿ, ಅಂಗೈ ತುಂಬ ಸುರಿದು, ತಿಕ್ಕಿ, ಬಿಸಿಲಿಗೆ ಕೂರಿಸಿದರೇ ಹಿಡಿಯುವುದು ಎಂದು ಅಮ್ಮಿಯ ನಂಬಿಕೆ. ಗುರುವಾರ ಆಪಾಳ ಮುಖಕ್ಕೆ ಅರ್ಧ ಬಾಟಲಿ ತಿಕ್ಕಿ ಮಾಳಿಗೆಯ ಮೇಲೆ ಕೂರಿಸಿದಳು.

"ಉರಿತೈತೆ ಅಮ್ಮಿ."

"ಉರೀಲಿ. ಉರಿದ್ರೇನೇ ಕೆಲ್ಸ ಮಾಡ್ತೈತೆ."

ನಾನು ಅಂಗಡಿಯಿಂದ ಬರುವಷ್ಟರಲ್ಲಿ ಕೆನ್ನೆ ಕೆಂಪಗೆ ಬಾತು, ಮೂಗಿನ ಮೇಲೆ ಗುಳ್ಳೆ ಎದ್ದಿದ್ದವು. ರಾತ್ರಿ ಎರಡು ಹನಿ ಎಂದು ಇಂಗ್ಲಿಷಿನಲ್ಲಿ ಬಾಟಲಿಯ ಮೇಲೇ ಇತ್ತು. ಅಷ್ಟು ನನಗೂ ಓದಲು ಬರುತ್ತದೆ. ಕೇಳುವವರು ಯಾರು?

ಶುಕ್ರವಾರ ನಮಾಜಿನ ನಂತರ ಹುಡುಗನ ತಾಯಿ ಬಂದರು. ಅಮ್ಮಿ ನನ್ನನ್ನು ಅಡುಗೆಮನೆಗೆ ಎಳೆದಳು.

"ಆಪಾ ಬದ್ಲು ನೀನು ಹೋಗಿ ಕೂತ್ಕೋ. ದುಪಟ್ಟಾ ಮುಂದಕ್ಕೆ ಎಳ್ಕೊಂಡ್ರೆ ಯಾರಿಗೆ ಗೊತ್ತಾಗ್ತೈತೆ?"

"ನಿಕಾಹ್ ದಿನ ಯಾರು ಕೂತ್ಕೋಬೇಕು ಅಮ್ಮಿ?"

ಕೆನ್ನೆಗೆ ಬಿತ್ತು. ಅಷ್ಟರಲ್ಲಿ ಆಪಾ ತಾನೇ ಶರಬತ್ತಿನ ತಟ್ಟೆ ಹಿಡಿದು ಹೊರಟಿದ್ದಳು. ನಾವಿಬ್ಬರೂ ಹಿಂದೆಯೇ ಹೋದೆವು.

"ಏನಮ್ಮಾ ಮುಖಕ್ಕೆ?" ಎಂದರು ಆ ಹೆಂಗಸು.

"ಬದನೆಕಾಯಿ ತಿಂದ್ಳು, ಮೈಗೆ ಆಗಲ್ಲ," ಎಂದಳು ಅಮ್ಮಿ.

ಅವರು ನನ್ನ ಕಡೆ ತಿರುಗಿದರು. "ಹೌದೇನೇ ಹುಡುಗಿ?"

"ಅಲ್ರಿ. ಆಪಾಗೆ ಮೂವತ್ತೊಂದು. ಚಿಕ್ಕೋಳ ಥರ ಕಾಣ್ಲಿ ಅಂತ ದುಬೈ ಔಷಧಿ ಹಚ್ಚಿ ಬಿಸಿಲಿಗೆ ಕೂರಿಸಿದ್ವಿ. ಸುಟ್ಟೋಯ್ತು."

ಆಪಾ ತಟ್ಟೆಯನ್ನು ಕೆಳಗಿಡಲೂ ಇಲ್ಲ, ಹಾಗೇ ನಿಂತಿದ್ದಳು. ಹೇಳಿ ಕಳಿಸ್ತೀವಿ ಎಂದು ಅವರು ಏನನ್ನೂ ಮುಟ್ಟದೆ ಎದ್ದು ಹೋದರು.

ನಾನು ಹೇಳಿದ್ದು ತಪ್ಪು ಅಂತ ನನಗೆ ಈಗಲೂ ಅನಿಸುವುದಿಲ್ಲ ಭಾಯಿ. ವಯಸ್ಸಿನಲ್ಲಿ ಆರು ವರ್ಷ ಮುಚ್ಚಿಟ್ಟುಕೊಂಡು ಆಪಾ ಆ ಮನೆಯಲ್ಲಿ ಎಷ್ಟು ದಿನ ಬಾಳುತ್ತಿದ್ದಳು? ಅವಳ ಮುಖ ಆರುತ್ತಿದೆ, ಸಿಪ್ಪೆ ಏಳುತ್ತಿದೆ. ಅಮ್ಮಿ ಮಾತ್ರ ಎಲ್ಲವನ್ನೂ ನನ್ನ ಬಾಯಿಯ ಮೇಲೆ ಹಾಕಿದ್ದಾಳೆ.

ಮೈ ಹುಷಾರು. ಖುದಾ ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ನಿನ್ನ ತಂಗಿ
ಜಬೀನ್

ಮತ್ತೆ: ಇದನ್ನು ಬರೆಯಲು ಧೈರ್ಯ ಬಾರದೆ ಅಷ್ಟೆಲ್ಲ ಬರೆದೆ. ನಿನ್ನೆ ಮೊಳಕಾಲ್ಮೂರಿನಿಂದ ಹೇಳಿ ಕಳಿಸಿದ್ದಾರೆ. ಸುಳ್ಳು ಹೇಳದ ಆ ಚಿಕ್ಕವಳನ್ನು ಕೊಡುವುದಾದರೆ ಅವರಿಗೆ ಒಪ್ಪಿಗೆಯಂತೆ. ಅಮ್ಮಿ ಬೇಡ ಅನ್ನಲಿಲ್ಲ. ಅಬ್ಬಾ ಇಲ್ಲದ ಮನೆ, ಮುಬಷೀರ್ ಏನಂತಾನೋ ಕೇಳ್ತೀನಿ ಅಂದಳು. ಅದಕ್ಕೇ ಇದನ್ನು ವಾಪಸ್ ದುಬೈಗೆ ಹೊರಟಿರುವ ಅಫ್ಜಲ್ ಕೈಯಲ್ಲಿ ಕೊಡುತ್ತಿದ್ದೇನೆ, ಅವಳ ಫೋನಿಗಿಂತ ಮೊದಲು ನಿನಗೆ ಸಿಗಬೇಕು. ಬೇಡ ಅನ್ನು ಭಾಯಿ. ಶುಕ್ರವಾರದಿಂದ ಮಾತು ಬಿಟ್ಟಿದ್ದ ಆಪಾ ಇವತ್ತು ಬೆಳಿಗ್ಗೆ ಹತ್ತಿರ ಬಂದಳು. ನನ್ನ ಗಲ್ಲ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು. "ನಿನಗೆ ಏನೂ ಹಚ್ಚೋದು ಬೇಡ ಬಿಡು," ಅಂದಳು.