ಬುಧವಾರ ಆರು ಹತ್ತರ ಫೋನು

ಮನೆಯಿಂದ,
ನವೆಂಬರ್ 13, ಗುರುವಾರ, ಮಧ್ಯಾಹ್ನ

ಪ್ರೀತಿಯ ದೊರೆಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಲಿಫ್ಟಿನ ಹಳ್ಳದೊಳಗೆ ಇಳಿದು ಬಗ್ಗಿ ರಿಪೇರಿ ಮಾಡುವವನಿಗೆ ಬೆನ್ನೇ ಬಂಡವಾಳ, ಹಾಳು ಮಾಡಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೊಸ ನಂಬರು ನಮ್ಮ ಹತ್ತಿರ ಇಲ್ಲ. ಹಳೆಯದಕ್ಕೆ ಮಾಡಿದರೆ ಯಾರೋ ಹೆಂಗಸು ಎತ್ತಿ, ನಾನು ಹಲ್ಲಿನ ಡಾಕ್ಟರ ಕಡೆಯವಳು ಅಂದುಕೊಂಡು ತಮ್ಮ ದವಡೆಯ ಕಥೆ ಹೇಳುತ್ತಾರೆ. ಎರಡು ಸಲ ಪೂರ್ತಿ ಕೇಳಿಸಿಕೊಂಡೆ, ಈಗ ಅವರ ಹಲ್ಲು ನನಗೆ ನಿನಗಿಂತ ಚೆನ್ನಾಗಿ ಗೊತ್ತು. ನಿನ್ನ ಕಂಪನಿಗೂ ಮಾಡಿದೆ. ‘ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ, ನಂಬರ್ ಕೊಡೋ ಹಾಗಿಲ್ಲ ಮೇಡಂ, ಏನಾದ್ರೂ ಹೇಳಬೇಕಾ’ ಅಂತ ಹುಡುಗಿ ಕೇಳಿದಳು. ಹೇಳಬೇಕಾದದ್ದು ಅವಳ ಚೀಟಿಯಲ್ಲಿ ಹಿಡಿಸುವಂಥದ್ದಲ್ಲ. ಅದಕ್ಕೇ ಕಂಪನಿಯ ವಿಳಾಸಕ್ಕೆ ಈ ಕಾಗದ. ದೊರೆ ಅಂತ ಬರೆದಿದ್ದಕ್ಕೆ ಮುಖ ಗಂಟಿಕ್ಕಬೇಡ. ಮೂರು ವರ್ಷ ಕರೆಯದೆ ಇದ್ದರೆ ತಮ್ಮನ ಅಡ್ಡಹೆಸರು ರದ್ದಾಗುತ್ತದೆ ಅಂತ ಎಲ್ಲೂ ಬರೆದಿಲ್ಲ.

ನಾನು ಚೆನ್ನಾಗಿದ್ದೇನೆ. ಪ್ರೆಸ್ಸಿನಲ್ಲಿ ಅದೇ ಕರಡು ತಿದ್ದುವ ಕೆಲಸ, ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವುದು. ಅಪ್ಪನಿಗೆ ಎಪ್ಪತ್ತಾರು ತುಂಬಿತು. ಮಂಡಿ ಸುಮಾರು, ಕಿವಿ ಚುರುಕು, ಬಾಯಿ ಬಂದ್. ಬಾಯಿ ಬಂದ್ ಆಗಿದ್ದು ಒಂದು ತಿಂಗಳಿಂದ, ಮತ್ತು ಅದಕ್ಕೆ ಕಾರಣ ನಾನು. ಫೋನಿನಲ್ಲಿ ಒಂದು ಗುಂಡಿ ಒತ್ತಿ ನಿನಗೂ ಅವರಿಗೂ ಒಟ್ಟಿಗೇ ಅನ್ಯಾಯ ಮಾಡಿದೆ. ಮೊದಲಿನಿಂದ ಹೇಳುತ್ತೇನೆ. ನಿನಗೆ ಕೋಪ ಬಂದರೂ ಕೊನೆಯವರೆಗೆ ಓದು, ಕಾಗದ ಹರಿಯುವುದಿದ್ದರೆ ಆಮೇಲೆ ಹರಿ.

ನೀನು ಹೋದ ಮೇಲೆ ವಾಚಿನ ಅಂಗಡಿ ಎಂಟೇ ತಿಂಗಳು ನಡೆದದ್ದು. ಆ ದಿನ ಗಿರಾಕಿಯ ಎದುರಿಗೇ ನೀನು ‘ಅಪ್ಪನ ಕೈ ನಡುಗುತ್ತೆ ಸಾರ್, ಇಂಥ ವಾಚು ಅವರಿಗೆ ಕೊಡಬೇಡಿ’ ಅಂದೆ. ಅವರು ಕಣ್ಣಿನ ಮಸೂರವನ್ನೂ ತೆಗೆಯದೆ ‘ಹಾಗಾದ್ರೆ ನೀನು ಮೆಟ್ಟಿಲಿಳಿ’ ಅಂದರು. ನೀನು ಇಳಿದೆ. ಇಬ್ಬರೂ ಹೇಳಿದ ಮಾತು ಹೇಳಿದ ಹಾಗೇ ನಡೆಸುವವರು, ಅದೇ ಈ ಮನೆಯ ಕಷ್ಟ. ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರೇ ಬೋರ್ಡು ಇಳಿಸಿ, ಚಿಮಟ, ಸ್ಕ್ರೂಡ್ರೈವರು ಎಲ್ಲ ಒರೆಸಿ ಡಬ್ಬಕ್ಕೆ ಹಾಕಿ, ಕೆಳಗಿನ ಶಟರು ಎಳೆದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನೀನು ವೈಫೈಗೆ ಅಂಗಡಿಯ ಹೆಸರನ್ನೇ ಇಟ್ಟಿದ್ದೆಯಲ್ಲ, ಅದು ಮಾತ್ರ ಹಾಗೇ ಉಳಿದಿದೆ. ಬೀದಿಯಲ್ಲಿ ಯಾರೇ ಫೋನು ತೆರೆದು ನೋಡಿದರೂ ಗಾಳಿಯಲ್ಲಿ ಅಂಗಡಿ ಇನ್ನೂ ತೆರೆದೇ ಇದೆ, ಬೀಗ ಮಾತ್ರ ಹಾಕಿದೆ.

ಸೆಪ್ಟೆಂಬರಿನಲ್ಲಿ ನೆಟ್ಟು ತೆವಳಲು ಶುರುವಾಯಿತು. ಪ್ರೆಸ್ಸಿನ ಯಜಮಾನರು ಈಗ ಪುಟಗಳನ್ನು ಫೋನಿಗೇ ಕಳಿಸುತ್ತಾರೆ. ಒಂದು ಪುಟ ತೆರೆಯುವಷ್ಟರಲ್ಲಿ ನಾನು ಚಹಾ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ನೆಟ್ಟಿನವನನ್ನು ಕರೆಸಿದೆ. ಅವನು ನನ್ನ ಫೋನಿನಲ್ಲಿ ಅದೇನೋ ಆ್ಯಪ್ ಹಾಕಿ, ನಮ್ಮ ವೈಫೈಗೆ ಯಾವ ಯಾವ ಫೋನು ಬಂದು ಹೋಗಿದೆ ಅನ್ನುವ ಪಟ್ಟಿ ತೆಗೆದ. ‘ಮನೇಲಿ ಎಷ್ಟು ಫೋನಿದೆ ಮೇಡಂ?’ ಎರಡು ಅಂದೆ. ‘ಇಲ್ಲಿ ಮೂರಿದೆಯಲ್ಲ. ಯಾರೋ ನಿಮ್ಮ ನೆಟ್ಟು ಪುಕ್ಕಟೆ ಹೊಡೀತಿದಾರೆ.’ ಮೂರನೆಯದಕ್ಕೆ ಹೆಸರಿಲ್ಲ, ಅಕ್ಷರವೂ ಅಂಕಿಯೂ ಬೆರೆತ ಉದ್ದನೆಯ ನಂಬರು ಮಾತ್ರ. ‘ಬ್ಲಾಕ್ ಮಾಡಿಬಿಡಿ, ಇಲ್ಲಿ ಒತ್ತಿದರೆ ಆಯ್ತು’ ಅಂದ. ಒತ್ತಿದೆ. ಅದು ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ. ಸಂತೋಷಕ್ಕೆ ಒಂದು ಪದ್ಯವನ್ನೂ ಕಟ್ಟಿದೆ: ‘ಹೆಸರು ಹೇಳದ ಕಳ್ಳ, ಒತ್ತಿದೆ ಗುಂಡಿ, ಬಿದ್ದ ಹಳ್ಳ.’ ಪ್ರಾಸ ಸರಿಯಾಗಿ ಕೂತಿತ್ತು. ಉಳಿದದ್ದೊಂದೂ ಸರಿಯಿರಲಿಲ್ಲ ಅಂತ ಆಮೇಲೆ ತಿಳಿಯಿತು.

ನನಗೆ ಅನುಮಾನ ಪಕ್ಕದ ಟೈಲರ್ ಮೇಲೆ. ಅವರು ಹೊಲಿಯುವಾಗ ಹಾಡು ಕೇಳುತ್ತಾರಲ್ಲ. ಮಾರನೆಯ ದಿನ ಬೇಕಂತಲೇ ಹೋಗಿ ‘ಏನಣ್ಣ, ಇವತ್ತು ಹಾಡು ನಿಂತುಹೋಯ್ತಾ’ ಅಂದೆ. ಅವರು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಜೇಬಿನಿಂದ ಗುಂಡಿ ಒತ್ತುವ ಹಳೇ ಫೋನು ತೆಗೆದು ತೋರಿಸಿದರು. ಹಾಡು ಬರುವುದು ರೇಡಿಯೋದಿಂದಂತೆ. ‘ನಿಮ್ಮನೆ ನೆಟ್ಟು ಇದರೊಳಗೆ ಹೋಗಬೇಕಂದ್ರೆ ನಾನು ಜೇಬನ್ನೇ ಬಿಚ್ಚಿ ಹೊಲೀಬೇಕು ಕಣಮ್ಮ’ ಅಂದರು. ಮುಖ ತಗ್ಗಿಸಿಕೊಂಡು ವಾಪಸು ಬಂದೆ. ಹಾಗಾದರೆ ಆ ಮೂರನೆಯ ಫೋನು ಯಾರದು ಅಂತ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ನೆಟ್ಟು ಓಡುತ್ತಿತ್ತು, ಪುಟ ತೆರೆಯುತ್ತಿತ್ತು, ನನಗೆ ಅಷ್ಟು ಸಾಕಿತ್ತು. (ನೆಟ್ಟಿನವನು ಅವತ್ತೇ ವೈಫೈ ಪೆಟ್ಟಿಗೆಯ ಸಡಿಲ ತಂತಿಯನ್ನೂ ಬಿಗಿ ಮಾಡಿದ್ದ. ಓಡಿದ್ದು ಅದರಿಂದ ಅಂತ ಈಗ ಅನ್ನಿಸುತ್ತದೆ.)

ಕೆಟ್ಟದ್ದು ಅಪ್ಪನ ಕಡೆಯಿಂದ ಶುರುವಾಯಿತು. ಅವರು ಸಂಜೆ ಆರಕ್ಕೆ ಮುಂದಿನ ಕೋಣೆಯ ಕುರ್ಚಿಯಲ್ಲಿ ಫೋನು ಹಿಡಿದು ಕೂರುವುದು ಹಳೇ ಅಭ್ಯಾಸ. ಸುದ್ದಿ ಓದುತ್ತಾರೆ ಅಂದುಕೊಂಡಿದ್ದೆ. ನಾನು ಗುಂಡಿ ಒತ್ತಿದ ಮೇಲಿನ ಮೊದಲ ಬುಧವಾರ ‘ನೆಟ್ಟು ಹೋಗಿದೆಯಾ?’ ಅಂದರು. ಇದೆ ಅಂದೆ. ಎರಡನೆಯ ಬುಧವಾರ ಪೆಟ್ಟಿಗೆಯನ್ನೇ ಆರಿಸಿ ಹಚ್ಚಿದರು. ಮೂರನೆಯ ಬುಧವಾರ ತಮ್ಮ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ತೆಗೆಯುವುದು ಗೊತ್ತಾಗದೆ, ಒಂದು ರಾತ್ರಿಯಿಡೀ ವಿಮಾನದಲ್ಲೇ ಇದ್ದರು. ಆಮೇಲೆ ‘ನೆಟ್‌ವರ್ಕ್ ಮರೆತುಬಿಡಿ’ ಅನ್ನುವುದನ್ನು ಒತ್ತಿ ಮನೆಯ ವೈಫೈಯನ್ನೇ ಕಳೆದುಕೊಂಡರು. ಪಾಸ್‌ವರ್ಡ್ ನಾನು ಹೊಡೆದುಕೊಟ್ಟೆ. ಮುಂದಿನ ವಾರ ಎಲ್ಲ ಸೆಟ್ಟಿಂಗೂ ಅಳಿಸಿ, ಬ್ಲೂಟೂತು ಹಚ್ಚಿ, ಡೇಟಾ ಆರಿಸಿ, ಪರದೆಯ ಬೆಳಕು ತಗ್ಗಿಸಿ, ಏನೂ ಕಾಣುವುದಿಲ್ಲ ಅಂತ ನನ್ನ ಮೇಲೇ ರೇಗಿದರು. ಮತ್ತೆ ಹೊಡೆದುಕೊಟ್ಟೆ. ನಾನು ಗೊಣಗಿದೆ ಕೂಡ. ‘ವಾಚು ಬಿಚ್ಚಿದ ಹಾಗೆ ಬಿಚ್ಚಬೇಡಿ ಅಪ್ಪ, ಇದನ್ನು ಜೋಡಿಸೋಕೆ ನನಗೆ ಬರಲ್ಲ’ ಅಂದೆ. ಅವತ್ತಿನಿಂದಲೇ ಮಾತು ನಿಂತದ್ದು.

ಕಳೆದ ವಾರ ಪ್ರೆಸ್ಸಿನಿಂದ ಬಂದಾಗ ಸ್ಟೂಲಿನ ಮೇಲೆ ನಿಂತು ವೈಫೈ ಪೆಟ್ಟಿಗೆಯನ್ನು ಬೀದಿಯ ಕಡೆಯ ಕಿಟಕಿಗೆ ಕಟ್ಟುತ್ತಿದ್ದರು. ಇಳಿಯುವಾಗ ಜಾರಿ ಮಣಿಕಟ್ಟು ಊದಿಸಿಕೊಂಡರು. ಪಟ್ಟಿ ಸುತ್ತಿಸಿಕೊಳ್ಳುತ್ತ, ಗೋಡೆ ನೋಡಿಕೊಂಡು, ‘ಲಿಫ್ಟಿನ ಕೆಲಸದಲ್ಲಿ ಅಪಾಯ ಜಾಸ್ತೀನಾ?’ ಅಂದರು. ಮೂರು ವರ್ಷದಲ್ಲಿ ನಿನ್ನ ಕಡೆಗೆ ತಿರುಗಿದ ಮೊದಲ ಮಾತು ಅದು. ನನಗೆ ಗೊತ್ತಿಲ್ಲ ಅಂದೆ. ನಿನ್ನೆ ಬುಧವಾರ ಮತ್ತೆ ಆರರಿಂದ ಏಳರವರೆಗೆ ಕೂತಿದ್ದು ಎದ್ದುಹೋದರು. ಇವತ್ತು ಬೆಳಿಗ್ಗೆ ಎದ್ದವರೇ, ‘ತಿಂಗಳ ಕೊನೆಗೆ ನೆಟ್ಟು ತೆಗೆಸಿಬಿಡು, ಇನ್ನು ಯಾರಿಗೆ ಬೇಕು’ ಅಂದರು.

ಲೈನು ತೆಗೆಸಲು ನಮ್ಮ ಗಿರಾಕಿ ನಂಬರು ಬೇಕಂತೆ. ಅಪ್ಪ ಇಂಥದ್ದನ್ನೆಲ್ಲ ಅಂಗಡಿಯ ರಿಜಿಸ್ಟರಿನಲ್ಲೇ ಬರೆದಿಡುವುದು. ನಿನಗೆ ನೆನಪಿರಬೇಕು, ವಾಚು ಕೈಗೆ ಬಂದರೆ ಹಿಂದಿನ ಮುಚ್ಚಳ ತೆಗೆದು, ಒಳಗೆ ಕೊರೆದ ನಂಬರು ರಿಜಿಸ್ಟರಿಗೆ ಏರಿಸಿ, ಎದುರಿಗೆ ಗಿರಾಕಿಯ ಹೆಸರು, ಬಂದ ದಿನ, ಹೋದ ದಿನ ಬರೆಯದೆ ಅವರು ಸ್ಕ್ರೂ ಮುಟ್ಟುತ್ತಿರಲಿಲ್ಲ. ‘ಮುಖ ಮರೆತರೂ ನಡೆಯುತ್ತೆ, ನಂಬರು ತಪ್ಪಬಾರದು’ ಅನ್ನುತ್ತಿದ್ದರು. ಅವರು ಸ್ನಾನಕ್ಕೆ ಹೋದಾಗ ರಿಜಿಸ್ಟರಿನ ಕೊನೆಯ ಹಾಳೆ ತೆರೆದೆ. ನೀನು ವೈಫೈ ಹಾಕಿಕೊಟ್ಟ ದಿನವೇ ಮೂರು ಫೋನಿಗೂ ಅದೇ ಪ್ರಕಾರ ದಾಖಲೆ ಮಾಡಿದ್ದಾರೆ. ಒಂದು ನಂಬರು, ಗಿರಾಕಿ: ಸ್ವಂತ. ಇನ್ನೊಂದು, ಗಿರಾಕಿ: ಮಗಳು. ಮೂರನೆಯದು, ಗಿರಾಕಿ: ಮಗ. ನಿನ್ನ ನಂಬರಿನ ಕೆಳಗೆ ‘ಬಂದದ್ದು, ಹೋದದ್ದು’ ಅಂತ ಎರಡು ಸಾಲು ಗೀಟು ಹೊಡೆದು, ನೀನು ಹೋಗಿ ಆರು ತಿಂಗಳಾದಾಗಿನಿಂದ ಹೊತ್ತು ಬರೆದಿದ್ದಾರೆ, ಎಲ್ಲ ಬುಧವಾರವೇ. ಆರು ಹತ್ತು, ಆರು ನಲವತ್ತು. ಆರು ಹನ್ನೆರಡು, ಆರು ಮೂವತ್ತೆಂಟು. ಹಾಳೆ ತುಂಬಿ ಇನ್ನೊಂದು ಹಾಳೆ ಅಂಟಿಸಿದ್ದಾರೆ. ಸಂಜೆ ಫೋನಿನಲ್ಲಿ ಅವರು ನೋಡುತ್ತಿದ್ದದ್ದು ಸುದ್ದಿಯಲ್ಲ, ವೈಫೈಗೆ ಬಂದು ಹೋಗುವ ಫೋನುಗಳ ಇಂಥದ್ದೇ ಪಟ್ಟಿ. ಎಣಿಸಿದೆ, ನೂರಾ ಹದಿನೆಂಟು. ಅಕ್ಷರ ಅಲ್ಲಲ್ಲಿ ನಡುಗಿದೆ, ಅಂಕಿ ಒಂದೂ ತಪ್ಪಿಲ್ಲ. ಕೊನೆಯದು ಸೆಪ್ಟೆಂಬರ್ ಹತ್ತು. ಆಮೇಲೆ ಒಂಬತ್ತು ಬುಧವಾರದ ತಾರೀಕು ಬರೆದು ಎದುರಿಗೆ ಖಾಲಿ ಬಿಟ್ಟಿದ್ದಾರೆ. ನನ್ನ ಫೋನಿನ ಬ್ಲಾಕ್ ಪಟ್ಟಿ ತೆಗೆದು ಆ ನಂಬರನ್ನು ಅಕ್ಷರ ಅಕ್ಷರ ಹೋಲಿಸಿದೆ. ಕರಡು ತಿದ್ದುವವಳಲ್ಲವೇ, ಎರಡು ಸಲ ಹೋಲಿಸಿದೆ. ನಿನ್ನದೇ.

ನಮ್ಮ ವೈಫೈ ಎದುರಿನ ಬಸ್ ಶೆಲ್ಟರಿನ ಬೆಂಚಿನವರೆಗೆ ಸಿಗುತ್ತದೆ ಅಂತ ನಿನಗೆ ಗೊತ್ತು. ಒಮ್ಮೆ ಜೋಡಿಸಿದ ಫೋನು ಹತ್ತಿರ ಬಂದರೆ ಕೇಳದೆ ತಾನೇ ಜೋಡಿಸಿಕೊಳ್ಳುತ್ತದೆ ಅಂತಲೂ ಗೊತ್ತು. ಬುಧವಾರ ನೀನು ಅಲ್ಲಿ ಬಸ್ಸು ಬದಲಾಯಿಸುತ್ತೀಯೋ, ಸುಮ್ಮನೆ ಕೂರುತ್ತೀಯೋ ನಾನು ಕೇಳುವುದಿಲ್ಲ. ಆ ಅರ್ಧ ಗಂಟೆಯಲ್ಲಿ ನಾಲ್ಕು ಬಸ್ಸು ಹೋಗುತ್ತವೆ, ಅಷ್ಟು ನನಗೂ ಗೊತ್ತು. ಸೆಪ್ಟೆಂಬರ್ ಹದಿನೇಳಕ್ಕೆ ನಿನ್ನ ಫೋನು ‘ಜೋಡಿಸಲಾಗಲಿಲ್ಲ’ ಅಂದಿರಬೇಕು. ಅಪ್ಪ ಪಾಸ್‌ವರ್ಡೂ ಬದಲಾಯಿಸಿಬಿಟ್ಟರು ಅಂದುಕೊಂಡಿರುತ್ತೀಯ. ಅವರು ಬದಲಾಯಿಸಲಿಲ್ಲ ಕಣೋ. ಅವರು ಒಂಬತ್ತು ವಾರದಿಂದ ನಿನ್ನ ಫೋನು ಕಾಣದೆ, ನಿನಗೇ ಏನೋ ಆಗಿದೆ ಅಂತ ಸೆಟ್ಟಿಂಗು ಕೆದಕುತ್ತಿದ್ದಾರೆ. ಬಾಗಿಲು ಹಾಕಿದವಳು ನಾನು, ಹಾಕಿದ್ದು ಗೊತ್ತಿಲ್ಲದೆ.

ಬ್ಲಾಕ್ ತೆಗೆದಿದ್ದೇನೆ. ನೀನು ಮಾಡಬೇಕಾದದ್ದು ಇಷ್ಟು. ವೈಫೈ ಪಟ್ಟಿಯಲ್ಲಿ ಅಂಗಡಿಯ ಹೆಸರನ್ನು ಒತ್ತು. ಪಾಸ್‌ವರ್ಡ್ ಕೇಳಿದರೆ ನೀನಿಟ್ಟದ್ದೇ. ತಾನೇ ಜೋಡಿಸಿಕೊಳ್ಳುವ ಗುಂಡಿ ಆನ್ ಇರಲಿ. ಮರೆತುಬಿಡಿ ಅನ್ನುವುದನ್ನು ಮಾತ್ರ ಮುಟ್ಟಬೇಡ, ಈಗಾಗಲೇ ಮುಟ್ಟಿದ್ದರೆ ಮತ್ತೆ ಜೋಡಿಸು. ಆಗ ಇನ್ನೊಂದು ನೋಡಬೇಕು: ಈಗಿನ ಫೋನುಗಳು ಜಾಗ ಜಾಗಕ್ಕೆ ಸುಳ್ಳು ನಂಬರು ಕೊಡುತ್ತವಂತೆ, ಖಾಸಗಿ ಅಂತ ಒಂದು ಆಯ್ಕೆ ಇರುತ್ತದೆ. ನಮ್ಮ ಮನೆಯ ಮಟ್ಟಿಗೆ ಅದು ಮೊದಲು ಹೇಗಿತ್ತೋ ಹಾಗೇ ಇರಲಿ. ಹೊಸ ನಂಬರಿನಲ್ಲಿ ಬಂದರೆ ರಿಜಿಸ್ಟರಿನಲ್ಲಿ ನೀನು ಯಾರೋ ಹೊಸ ಗಿರಾಕಿ ಆಗುತ್ತೀಯ. ಅಪ್ಪನಿಗೆ ನಾನು ಇನ್ನೂ ಹೇಳಿಲ್ಲ. ಹೇಳಿದರೆ ರಿಜಿಸ್ಟರು ಓದಿದ್ದು ಗೊತ್ತಾಗುತ್ತದೆ, ಆ ಹಾಳೆ ಅವರು ನನ್ನಿಂದಲೂ ಮುಚ್ಚಿಟ್ಟದ್ದು. ಈ ತಿಂಗಳಲ್ಲಿ ಉಳಿದಿರುವುದು ಎರಡೇ ಬುಧವಾರ, ಹತ್ತೊಂಬತ್ತು ಮತ್ತು ಇಪ್ಪತ್ತಾರು.

ಮೈ ಕಡೆ ಗಮನವಿರಲಿ. ಹೆಲ್ಮೆಟ್ಟು ತಲೆಯ ಮೇಲಿರಲಿ, ಕಂಕುಳಲ್ಲಲ್ಲ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ ಅಂತ ಹಾರೈಸುವ,

ನಿನ್ನ ಅಕ್ಕ

ತಾ.ಕ.: ಲಕೋಟೆಗೆ ವಿಳಾಸ ಬರೆದಿಟ್ಟು ನೀರು ಕುಡಿಯಲು ಹೋಗಿದ್ದೆ. ಬರುವಷ್ಟರಲ್ಲಿ ಅಪ್ಪ ಅದನ್ನು ಹಿಡಿದು ನಿಂತಿದ್ದರು. ಗುಂಡಿ ಒತ್ತಿದ್ದನ್ನೂ ರಿಜಿಸ್ಟರು ಓದಿದ್ದನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ‘ಹಾಗಾದ್ರೆ ಅವನಿಗೇನೂ ಆಗಿಲ್ಲ’ ಅಂದರು. ಲಕೋಟೆಯ ವಿಳಾಸ ಇನ್ನೊಮ್ಮೆ ಓದಿ, ‘ಗಿರಾಕಿಗೆ ಅವನು ಹೇಳಿದ್ದು ಸುಳ್ಳಲ್ಲ ಅಂತ ಬರಿ. ಅಷ್ಟೇ ಬರಿ, ಜಾಸ್ತಿ ಸೇರಿಸಬೇಡ’ ಅಂದರು. ನೆಟ್ಟು ತೆಗೆಸೋದಾ ಅಂತ ಕೇಳಿದೆ. ‘ಮೊದಲು ಇದು ಬುಧವಾರದೊಳಗೆ ತಲುಪುತ್ತಾ ಹೇಳು’ ಅಂದರು. ನಾಲ್ಕೂವರೆಗೆ ಅಂಚೆ ಡಬ್ಬ ಖಾಲಿ ಮಾಡುತ್ತಾರೆ. ನಾನು ಹಾಕುತ್ತೇನೆ ಅಂದರೆ ಕೇಳುತ್ತಿಲ್ಲ, ಪಟ್ಟಿ ಸುತ್ತಿದ ಕೈಯಲ್ಲೇ ಲಕೋಟೆ ಹಿಡಿದು, ಚಪ್ಪಲಿ ಹಾಕಿಕೊಂಡು, ಎಷ್ಟು ಬರೀತೀಯ ಅಂತ ಬಾಗಿಲಿನಿಂದ ಕೂಗುತ್ತಿದ್ದಾರೆ.