ನಿನ್ನ ಕಾರಿಗೆ ಅಪ್ಪ ಹಾಕಿಸಿದ ಬಲ

ಮನೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕಳೆದ ಸಲ ಫೋನು ಸಿಕ್ಕಾಗ ಎಂಜಿನ್ ಕೋಣೆಯ ಪೈಪು ತಾಗಿ ಮಣಿಕಟ್ಟು ಸುಟ್ಟಿತು ಎಂದಿದ್ದೆ. ಗಾಯ ಒಣಗಿತೇ? ಹೊಪ್ಪಳೆ ಕೀಳಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಹಡಗಿನ ಅಡುಗೆಯವನ ಕೈ ಇನ್ನೂ ಉಪ್ಪಿನ ಡಬ್ಬಿಯಲ್ಲೇ ಇದೆಯೇ? ನಾನು ಚೆನ್ನಾಗಿದ್ದೇನೆ. ಲ್ಯಾಬಿನಲ್ಲಿ ಕೈತುಂಬ ಕೆಲಸ. ಈಚೆಗೆ ಒಬ್ಬರು ಹಾಡುಗಾರರಿಗೆ ಮೇಲಿನ ಹಲ್ಲಿನ ಸೆಟ್ಟು ಮಾಡಿಕೊಟ್ಟೆ. ಹಾಕಿಕೊಂಡು ಕನ್ನಡಿ ನೋಡಿ, "ಇದು ನನ್ನ ನಗು ಅಲ್ಲಮ್ಮ, ನಮ್ಮತ್ತೇದು" ಅಂದರು. ಮುಂದಿನ ಎರಡು ಹಲ್ಲು ತುಸು ಓರೆಯಾಗಿ ಕೂರಿಸಿದ ಮೇಲೆ ಅತ್ತೆ ಹೊರಟುಹೋದರು. ಅಮ್ಮ ಈಗ ಕೋಲು ಹಿಡಿದು ಅಡುಗೆಮನೆಯಿಂದ ಬಾಗಿಲವರೆಗೆ ತಾನೇ ನಡೆಯುತ್ತಾಳೆ. ಬಲಗೈ ಇನ್ನೂ ಅವಳ ಮಾತು ಕೇಳುವುದಿಲ್ಲ. ಮಾತೂ ಅಷ್ಟೇ, ಒಂದೊಂದು ಶಬ್ದವನ್ನೂ ಬಾವಿಯಿಂದ ಸೇದಿದ ಹಾಗೆ ಸೇದಬೇಕು. ಆದರೆ ಬೈಗುಳ ಮಾತ್ರ ಸಲೀಸಾಗಿ ಬರುತ್ತದೆ. ಅದು ಮಿದುಳಿನ ಬೇರೆ ಜಾಗದಲ್ಲಿ ಇರುತ್ತದಂತೆ, ಮಾತು ಕಲಿಸುವ ಮೇಡಂ ಹೇಳಿದರು. ನಮ್ಮಮ್ಮನಿಗೆ ಆ ಜಾಗ ಸ್ವಲ್ಪ ದೊಡ್ಡದೇ ಇದ್ದಿರಬೇಕು.

ಫೋನಿನಲ್ಲಿ ಹೇಳದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿನ್ನ ಫೋನು ಬಂದಾಗಲೆಲ್ಲ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ನಿಮ್ಮ ಹಡಗಿಗೆ ಹೊಸದಾಗಿ ಸೇರಲಿರುವ ವೆಲ್ಡರ್ ಇವತ್ತು ಸಂಜೆ ಹೊರಡುತ್ತಿದ್ದಾನೆ, ಮನೆಗೆ ಬಂದು ಇದನ್ನು ಒಯ್ಯುತ್ತೇನೆ ಎಂದಿದ್ದಾನೆ. ವಿಷಯ ನಿನ್ನ ಗುಬ್ಬಿ ಕಾರಿನದು. ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ಕಾರೂ ನೆಟ್ಟಗಿದೆ. ಆದರೂ ಅದು ನಿನ್ನದು, ನೀನು ಆಸೆಪಟ್ಟು ಕೊಂಡದ್ದು. ನಿನ್ನನ್ನು ಕೇಳದೆ ಅದರ ಎಂಜಿನ್ನಿಗೆ ಕೈ ಹಾಕಿದ್ದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಅಪ್ಪನ ನಿವೃತ್ತಿಯ ಬೀಳ್ಕೊಡುಗೆಯ ದಿನ ನೀನು ಸಮುದ್ರದ ನಡುವೆ ಇದ್ದೆ. ಅವತ್ತು ಆದದ್ದನ್ನು ನಿನಗೆ ತುಂಡುತುಂಡಾಗಿ ಹೇಳಿದ್ದೇನೆಯೇ ಹೊರತು ಒಟ್ಟಾಗಿ ಹೇಳಿಲ್ಲ. ಆಂಬುಲೆನ್ಸ್ ನಿಲ್ದಾಣದಲ್ಲಿ ಕಾರ್ಯಕ್ರಮ ಮುಗಿಸಿ ಮೂವರೂ ಮನೆಗೆ ಬಂದೆವು. ಅಮ್ಮ ಚಪ್ಪಲಿ ಬಿಡಲು ಬಾಗಿದವಳು ಹಾಗೇ ಗೋಡೆಗೊರಗಿ ಜಾರಿದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಅಪ್ಪ ತಮ್ಮದೇ ನಿಲ್ದಾಣಕ್ಕೆ ಫೋನು ಮಾಡಿದರು. ಒಂದು ಗಾಡಿ ಹೊರಗೆ ಹೋಗಿತ್ತು. ಇನ್ನೊಂದು ಅಪ್ಪ ಓಡಿಸುತ್ತಿದ್ದ ಗಾಡಿಯೇ, ಅವರ ಜಾಗಕ್ಕೆ ಬರಬೇಕಾದ ಡ್ರೈವರು ಇನ್ನೂ ಬಂದಿರಲಿಲ್ಲ. ಕೀಲಿಯನ್ನು ಅವರೇ ಕೈಯಾರೆ ಕೊಟ್ಟು ಬಂದಿದ್ದರು. ಅಮ್ಮನನ್ನು ನಿನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟೆವು. ಆಸ್ಪತ್ರೆಯ ಏರು ನಿನಗೆ ಗೊತ್ತಲ್ಲ, ಅಲ್ಲಿ ಮುಂದೆ ಒಂದು ಮರಳಿನ ಲಾರಿ. ದಾಟಲು ಅಪ್ಪ ಕಾಲೊತ್ತಿದಾಗಲೆಲ್ಲ ಕಾರು ಒಂದು ಉಸಿರು ಯೋಚಿಸಿ ಆಮೇಲೆ ಹೊರಡುತ್ತಿತ್ತು, ಅಷ್ಟರಲ್ಲಿ ಎದುರಿನಿಂದ ಯಾವುದಾದರೂ ಗಾಡಿ. ಕೊನೆಗೆ ಲಾರಿಯ ಹಿಂದೆಯೇ ಹತ್ತಿದೆವು. ಸ್ಕ್ಯಾನ್ ನೋಡಿದ ಡಾಕ್ಟರು, "ಬರೋದು ತಡ ಆಯ್ತಲ್ಲ" ಅಂದರು. ಅಷ್ಟೇ ಅಂದದ್ದು. ಜೀವನವಿಡೀ ಬೇರೆಯವರ ಮನೆಯವರನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದ ಮನುಷ್ಯನ ಕಿವಿಗೆ ಆ ಮಾತು ಕಾದ ಸೀಸದ ಹಾಗೆ ಇಳಿಯಿತು.

ಆಮೇಲೆ ಅವರು ಕಾರನ್ನು ಬೈಯಲು ಶುರುಮಾಡಿದರು. "ಹೆಸರಿಗೆ ಟರ್ಬೋ, ಏರು ಕಂಡ್ರೆ ಗುಬ್ಬಿ ಥರ ಎದೆ ಹೊಡ್ಕೊಳತ್ತೆ." ನಾನು ಎಷ್ಟೋ ಸಲ ಹೇಳಿದೆ, ಲಾರಿಯ ಹಿಂದೆ ನಾವು ಇದ್ದದ್ದು ಎಷ್ಟು ಹೊತ್ತಪ್ಪ, ಅಷ್ಟರಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಒಂದು ದಿನ ಚಕ್ರದ ಅಲೈನ್‌ಮೆಂಟಿಗೆ ಹೋಗಬೇಕು, ಜೊತೆಗೆ ಬಾ ಎಂದರು. ಟೈರು ಅಂಗಡಿಯ ಹಿಂದೆ ಒಂದು ಉದ್ದನೆಯ ಶೆಡ್ಡು. ಒಳಗೆ ನೆಲ ಎಷ್ಟು ಚೊಕ್ಕಟವೆಂದರೆ ಚಪ್ಪಲಿ ಬಿಟ್ಟು ಹೋಗಬೇಕೇನೋ ಅನ್ನಿಸಿತು. ಅಲ್ಲಿ ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ತೂಗಾಡಿಸಿಕೊಂಡು ನಿಂತಿದ್ದವರನ್ನು ಊರಿನ ಹುಡುಗರೆಲ್ಲ ಮ್ಯಾಪು ಮಾಮ ಎನ್ನುತ್ತಾರಂತೆ. ಚಕ್ರದ ಮಾತೇ ಬರಲಿಲ್ಲ. ಅಪ್ಪ ನೇರವಾಗಿ, ಎಂಜಿನ್ನಿನ ಬಲ ಹೆಚ್ಚಿಸಿಕೊಡಿ ಎಂದರು.

ನಿನಗೆ ಇದೆಲ್ಲ ಗೊತ್ತಿರುತ್ತದೆ, ಆದರೂ ಅವರು ಹೇಳಿದ ರೀತಿ ನನಗೆ ಹಿಡಿಸಿತು. ಎಂಜಿನ್ನಿಗೆ ಒಂದು ಪುಟ್ಟ ಕಂಪ್ಯೂಟರು ಇರುತ್ತದೆ, ಟರ್ಬೋ ಎಷ್ಟು ಗಾಳಿ ಒತ್ತಬೇಕು, ಎಷ್ಟು ಪೆಟ್ರೋಲು ಸೇರಬೇಕು, ಕಿಡಿ ಯಾವ ಗಳಿಗೆಯಲ್ಲಿ ಹೊತ್ತಬೇಕು ಎಂಬುದೆಲ್ಲ ಅದರೊಳಗಿನ ಮ್ಯಾಪಿನಲ್ಲಿ ಇರುತ್ತದೆ. "ಕಂಪನಿಯೋರು ಊರಿಗೆಲ್ಲ ಒಂದೇ ಅಳತೆ ಅಂಗಿ ಹೊಲಿದಿರ್ತಾರೆ ಸಾರ್. ಕೆಟ್ಟ ಪೆಟ್ರೋಲು, ಸುಡುಬಿಸಿಲು, ಸರ್ವಿಸ್ ಮಾಡಿಸದ ಸೋಮಾರಿ, ಎಲ್ಲರಿಗೂ ಆಗ್ಬೇಕಲ್ಲ, ಅದಕ್ಕೆ ದೊಗಳೆ. ನಾನು ಅದನ್ನ ಮೈಗೆ ಹಿಡಿಸಿ ಹೊಲಿದುಕೊಡ್ತೀನಿ. ಆದ್ರೆ ನೆನಪಿರಲಿ, ದೊಗಳೆ ಅಂಗಿಲಿ ಉಸಿರಾಡೋಕೆ ಜಾಗ ಇರುತ್ತೆ." ಯಾಕೆ ಬೇಕು ಎಂದು ಕೇಳಿದರು. ಅಪ್ಪ, "ಏರು ಹತ್ಬೇಕು" ಎಂದಷ್ಟೇ ಹೇಳಿದರು. ಓಟದ ವೇಗ ಬೇಡ, ಕೆಳಗಿನಿಂದಲೇ ಎಳೆಯುವ ದಮ್ಮು ಬೇಕು ಎಂದರು. ಮಾಮ ಕನ್ನಡಕ ಏರಿಸಿ ಅಪ್ಪನನ್ನು ಒಂದು ಸಲ ಸರಿಯಾಗಿ ನೋಡಿದರು. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕ್ಲಚ್ಚಿಗೆ ಆ ದಮ್ಮೇ ಹೊರೆ, ಇದರ ಕ್ಲಚ್ಚು ಸವೆದಿದೆ, ಮೊದಲು ಅದನ್ನು ಬದಲಾಯಿಸೋಣ ಎಂದರು. ಅಪ್ಪ, "ಅದು ಆಮೇಲೆ" ಎಂದುಬಿಟ್ಟರು. ಜೀವಮಾನವಿಡೀ ಗಾಡಿಯ ಬ್ರೇಕು, ಟೈರು ಮುಟ್ಟಿ ನೋಡದೆ ಸ್ಟಿಯರಿಂಗ್ ಹಿಡಿಯದಿದ್ದವರ ಬಾಯಲ್ಲಿ ಆ ಮಾತು!

ಸ್ಟಿಯರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ ಹಳೆಯ ಮ್ಯಾಪನ್ನು ಲ್ಯಾಪ್‌ಟಾಪಿಗೆ ಎತ್ತಿಟ್ಟುಕೊಂಡು ಹೊಸದನ್ನು ಬರೆದರು. ಆಮೇಲೆ ಕಾರಿಗೆ ನಾಲ್ಕೂ ಕಡೆ ಪಟ್ಟಿ ಬಿಗಿದು, ಮುಂದಿನ ಚಕ್ರಗಳನ್ನು ಉರುಳೆಗಳ ಮೇಲೆ ಕೂರಿಸಿ ಓಡಿಸಿದರು. ನಿನ್ನ ಗುಬ್ಬಿ ಹುಲಿಯ ಹಾಗೆ ಕೂಗಿತು ತಮ್ಮಾ! ನಿಂತಲ್ಲೇ ನಿಂತು, ಕಟ್ಟು ಹರಿದುಕೊಂಡು ಹಾರುವ ಹಾಗೆ ನಡುಗಿತು. ಪರದೆಯ ಮೇಲೆ ಬಲದ ಗೆರೆ ಮೊದಲಿಗಿಂತ ಬೇಗ, ಮೊದಲಿಗಿಂತ ಮೇಲಕ್ಕೆ ಎದ್ದಿತು. ಅಪ್ಪ ಆ ಗೆರೆಯ ಹತ್ತಿರ ಬಗ್ಗಿ, ರೋಗಿಯ ಎದೆಬಡಿತದ ಗೆರೆ ನೋಡುವಂತೆ ನೋಡಿದರು. ತಿಂಗಳುಗಳಾದ ಮೇಲೆ ಅವರ ಮುಖದ ಗಂಟು ಅವತ್ತು ಸಡಿಲಿತ್ತು. ಅದನ್ನು ಕಂಡೇ ನಾನು ಬಾಯಿ ಮುಚ್ಚಿಕೊಂಡೆ.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಅಮ್ಮನಿಗೆ ಕಾಫಿ ಕುಡಿಸಿ, ಒಬ್ಬರೇ ಕಾರು ತೆಗೆದುಕೊಂಡು ಆಸ್ಪತ್ರೆಯ ಏರು ಹತ್ತಿ ಇಳಿದು ಬರುವುದು ಶುರುವಾಯಿತು. ಆಸ್ಪತ್ರೆಯಲ್ಲಿ ಕೆಲಸವೇನೂ ಇಲ್ಲ. ಹೋಗುವುದು, ಬಾಗಿಲ ಮುಂದೆ ತಿರುಗಿಸುವುದು, ಬರುವುದು. ಮೊದಮೊದಲು ಸಿಳ್ಳೆ ಹಾಕಿಕೊಂಡು ಬರುತ್ತಿದ್ದರು. ಆಮೇಲಾಮೇಲೆ ಬಂದವರು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಜಾರದಲ್ಲಿ ಸುಮ್ಮನೆ ನಿಲ್ಲುತ್ತಿದ್ದರು. ಒಂದು ಬೆಳಿಗ್ಗೆ ನಾನು ಲ್ಯಾಬಿಗೆ ಹೊರಟಿದ್ದೆ, ನನ್ನತ್ತ ನೋಡದೆಯೇ ಹೇಳಿದರು. "ಇವತ್ತು ಅದೇ ಥರ ಒಂದು ಲಾರಿ ಸಿಕ್ತು. ಎರಡನೇ ತಿರುವಿಗೆ ಮುಂಚೇನೇ ದಾಟಿಬಿಟ್ಟೆ." ನಾನು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಹೋದೆ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಅಪ್ಪ ಚಿಂತಿಸುತ್ತಿರಲಿಲ್ಲ, ದಿನಾ ಆ ದಿನವನ್ನು ಮತ್ತೆ ಓಡಿಸಿ ಗೆಲ್ಲುತ್ತಿದ್ದರು.

ಕಳೆದ ಗುರುವಾರ ಅಮ್ಮನನ್ನು ಮಾತಿನ ಚಿಕಿತ್ಸೆಗೆ ಕರೆದೊಯ್ಯಬೇಕಿತ್ತು. ನಾನು ಹಿಂದೆ, ಅಮ್ಮ ಮುಂದೆ. ಅಮ್ಮನನ್ನು ಕೂರಿಸಿಕೊಂಡಾಗ ಅಪ್ಪ ನಿಧಾನವಾಗಿಯೇ ಓಡಿಸುವುದು. ಆದರೆ ಏರಿನಲ್ಲಿ ಒಂದು ಕಾಂಕ್ರೀಟು ಲಾರಿ ಸಿಕ್ಕಿತು, ಹೊಟ್ಟೆ ತಿರುಗಿಸಿಕೊಂಡು ಹತ್ತುತ್ತಿತ್ತು. ಅಪ್ಪನ ಕುತ್ತಿಗೆ ಬಿಗಿದದ್ದು ನನಗೆ ಹಿಂದಿನಿಂದ ಕಂಡಿತು. "ಅಪ್ಪಾ, ಬೇಡ" ಎನ್ನುವಷ್ಟರಲ್ಲಿ ಬಲಕ್ಕೆ ತೆಗೆದು ಕಾಲೊತ್ತಿಯಾಗಿತ್ತು. ಕಾರು ಬೆನ್ನಿಗೆ ಒದ್ದ ಹಾಗೆ ನುಗ್ಗಿತು. ಲಾರಿಯ ಅರ್ಧದವರೆಗೆ ಹೋದೆವು. ಅಲ್ಲಿ ಇದ್ದಕ್ಕಿದ್ದಂತೆ ಎಂಜಿನ್ನು ಚೀರತೊಡಗಿತು, ಕಾರು ಮಾತ್ರ ಮುಂದೆ ಹೋಗಲೊಲ್ಲದು. ಸುಟ್ಟ ವಾಸನೆ. ಕ್ಲಚ್ಚು ಜಾರಿತ್ತು. ಎದುರಿನ ತಿರುವಿನಲ್ಲಿ ಬಸ್ಸು. ನಾನು ಕಣ್ಣು ಮುಚ್ಚಿಕೊಂಡೆನೋ ತೆರೆದಿದ್ದೆನೋ ನೆನಪಿಲ್ಲ, ಅಮ್ಮನ ಎಡಗೈ ಬಾಗಿಲ ಹಿಡಿಯನ್ನು ಕಚ್ಚಿದ್ದು ಮಾತ್ರ ಕಣ್ಣಲ್ಲಿ ಉಳಿದಿದೆ. ಅಪ್ಪ ಕಾಲು ತೆಗೆದರು, ಲಾರಿಯವನು ಪುಣ್ಯಾತ್ಮ, ಬ್ರೇಕು ಒತ್ತಿ ಜಾಗ ಬಿಟ್ಟ, ಎಳೆದುಕೊಂಡು ಅದರ ಮುಂದೆ ನುಸುಳಿದೆವು. ಬಸ್ಸು ಹಾರನ್ನು ಒತ್ತುತ್ತಲೇ ಸಾಗಿಹೋಯಿತು. ಕಾರು ರಸ್ತೆಯಂಚಿಗೆ ತೆವಳಿ ನಿಂತಿತು.

ಅಪ್ಪ ಸ್ಟಿಯರಿಂಗನ್ನು ಬಿಟ್ಟಿರಲಿಲ್ಲ. ಅಮ್ಮ ಎಡಗೈಯಿಂದ ಬೆಲ್ಟು ಬಿಚ್ಚಿದಳು, ಬಾಗಿಲು ತೆಗೆದಳು, ಕೋಲು ಎಳೆದುಕೊಂಡಳು, ಇಳಿದೇಬಿಟ್ಟಳು. ನಾನು ಓಡಿ ಹೋಗಿ ಹಿಡಿದರೆ ನನ್ನ ಕೈ ಕೊಡವಿದಳು. ಬೈಯುತ್ತಾಳೆ ಎಂದುಕೊಂಡೆ, ಅದೂ ಇಲ್ಲ. ಬಲಗಾಲನ್ನು ಅರ್ಧವೃತ್ತದಲ್ಲಿ ಎಳೆದು ಎಳೆದು ಹಾಕುತ್ತ ಏರು ಹತ್ತತೊಡಗಿದಳು. ಅಪ್ಪ ಇಳಿದು ಹಿಂದೆ ಹೋದರು. ಪಕ್ಕಕ್ಕೆ ಹೋಗುವ ಧೈರ್ಯ ಸಾಲದೆ, ಬಿದ್ದರೆ ಹಿಡಿಯುವಷ್ಟು ದೂರದಲ್ಲಿ, ಎರಡೂ ಕೈ ಚಾಚಿಕೊಂಡು, ಮಗುವಿಗೆ ನಡಿಗೆ ಕಲಿಸುವವರ ಹಾಗೆ. ಗಾಡಿಗಳೆಲ್ಲ ಅವರಿಬ್ಬರನ್ನು ಸುತ್ತಿಕೊಂಡು ಹೋಗುತ್ತಿದ್ದವು. ಆಸ್ಪತ್ರೆಯ ಗೇಟು ಕಾಣುತ್ತಿತ್ತು, ಆದರೂ ಆ ಕಾಲಿಗೆ ಅದು ಎಷ್ಟು ದೂರ! ಅಮ್ಮ ಎರಡು ಕಡೆ ನಿಂತು ಉಸಿರೆಳೆದಳು, ಹಿಂತಿರುಗಿ ನೋಡಲಿಲ್ಲ. ನಡೆದೇ ಮುಟ್ಟಿದಳು.

ಮ್ಯಾಪು ಮಾಮ ತಾವೇ ಬಂದು ಕಾರನ್ನು ಎಳೆಸಿಕೊಂಡು ಹೋದರು. ಹೊಸ ಕ್ಲಚ್ಚು ಹಾಕಿದ್ದಾರೆ, ಎತ್ತಿಟ್ಟಿದ್ದ ಕಂಪನಿಯ ಮ್ಯಾಪನ್ನೇ ಮರಳಿ ತುಂಬಿದ್ದಾರೆ. "ಹೇಳಿದ್ದೆ ಅಂತ ಅನ್ನಲ್ಲ ಸಾರ್. ನೀವು ಕ್ಲಚ್ಚು ಬೇಡ ಅಂದಾಗ ಈ ಕೆಲಸ ನಾನೇ ಮಾಡಬಾರದಿತ್ತು" ಎಂದು ಅಪ್ಪನ ಎದುರು ತಲೆತಗ್ಗಿಸಿ ನಿಂತರು. ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಕಾರು ಈಗ ಮನೆಯ ಮುಂದಿದೆ, ಕೀಲಿ ನನ್ನ ಬ್ಯಾಗಿನಲ್ಲಿದೆ. ಅಪ್ಪ ಕೇಳುವುದೇ ಇಲ್ಲ, ನನಗೆ ಭಯವಾಗುವುದು ಅದೇ. ಊಟಕ್ಕೆ ಕರೆದರೆ ಬರುತ್ತಾರೆ, ಕರೆಯದಿದ್ದರೆ ಇಲ್ಲ. ನಿನ್ನೆ ಅಮ್ಮನ ಉಗುರು ಕತ್ತರಿಸುತ್ತ, "ಕಾರು ತಡ ಮಾಡ್ಲಿಲ್ಲ ಕಣೆ. ನಾನೇ ಮಾಡ್ದೆ" ಅಂದರು. ಅಮ್ಮ ತಲೆ ಅಲ್ಲಾಡಿಸಿದಳು, ಬಾಯಿ ತೆರೆದಳು. ಶಬ್ದ ಬರಲಿಲ್ಲ. ಅವರು ಅದನ್ನು ನೋಡಲೂ ಇಲ್ಲ, ಬಗ್ಗಿ ಉಗುರಿನ ಚೂರುಗಳನ್ನು ಆರಿಸುತ್ತಿದ್ದರು.

ಕಾರಿನ ವಿಷಯಕ್ಕೆ ಕೋಪ ಬಂದರೆ ನನ್ನ ಮೇಲೆ ತೀರಿಸಿಕೋ, ಅವರನ್ನು ಒಂದು ಮಾತೂ ಅನ್ನಬೇಡ. ಮೈ ಕಡೆ ಜೋಪಾನ. ಬಿಸಿಯಲ್ಲಿ ನಿಂತಾಗ ನೀರು ಕುಡಿ. ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ಅಪ್ಪ ಅಮ್ಮನ ಆಶೀರ್ವಾದ ಸದಾ ನಿನ್ನ ನೆತ್ತಿಯ ಮೇಲಿದೆ.

ನಿನ್ನ ಪ್ರೀತಿಯ
ಅಕ್ಕ

ಮರೆತ ಮಾತು: ವೆಲ್ಡರ್ ಬಾಗಿಲಲ್ಲಿ ನಿಂತಿದ್ದಾನೆ, ಅಪ್ಪ ಅವನನ್ನು ಮಾತಾಡಿಸುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಕೈ ಹಿಂಜರಿಯುತ್ತಿತ್ತು. ಗುರುವಾರ ಅಷ್ಟು ದೂರ ನಡೆದು ಹೋಗಿ ಅಮ್ಮ ಮಾತು ಕಲಿಸುವ ಮೇಡಂಗೆ ಒಂದು ವಿಷಯ ತಿಳಿಸಿದ್ದಾಳೆ. ಒಂದೊಂದೇ ಶಬ್ದ, ಬೆರಳಲ್ಲಿ ತೋರಿಸಿ, ಅತ್ತು. ಮೇಡಂ ನನ್ನನ್ನು ಒಳಗೆ ಕರೆದು ಅಮ್ಮನ ಎದುರಿಗೇ ಹೇಳಿದರು. ಬೀಳ್ಕೊಡುಗೆಯ ದಿನ ಬೆಳಿಗ್ಗೆ ಎದ್ದಾಗಲೇ ಅವಳ ಬಲಗೈ ಜೋಮು ಹಿಡಿದಿತ್ತಂತೆ. ಅಪ್ಪನ ದಿನ ಹಾಳಾಗಬಾರದು ಎಂದು ಯಾರಿಗೂ ಹೇಳದೆ, ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳಂತೆ. ಎಲ್ಲರೂ ಚಪ್ಪಾಳೆ ಹೊಡೆದಾಗ ಇವಳು ಎಡಗೈಯನ್ನು ತೊಡೆಗೆ ಬಡಿದಳಂತೆ. ಡಾಕ್ಟರು ತಡ ಎಂದದ್ದು ಅದನ್ನು ತಮ್ಮಾ, ರಸ್ತೆಯನ್ನಲ್ಲ. ನಾನು ಅಪ್ಪನಿಗೆ ಹೇಳಿಬಿಡುತ್ತೇನೆ ಎಂದರೆ ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಅವಳೇ ಹೇಳಬೇಕಂತೆ, ಬಾಯಾರೆ. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾಳೆ. "ಅವತ್ತು ಬೆಳಿಗ್ಗೆ" ವರೆಗೆ ಬಂದಿದ್ದಾಳೆ. ಅವಳು ಹೇಳಿ ಮುಗಿಸುವ ದಿನ ಅಪ್ಪನನ್ನು ಹಿಡಿದುಕೊಳ್ಳಲು ನನ್ನೊಬ್ಬಳ ಕೈ ಸಾಲದು. ರಜೆ ಕೇಳು. ಕೊಡದಿದ್ದರೆ ಜಗಳವಾಡು. ಬೇಗ ಬಾ.