‘ಒರೆಸಿದೆ’ ಎಂಬ ಕಾಲಮ್ಮು

೯ ಏಪ್ರಿಲ್
ಹಾಸ್ಟೆಲ್, ಕೋಣೆ ೩೧

ಅಮ್ಮಾ,

ಹೇಗಿದ್ದೀಯಾ? ತಿಂಗಳಿಂದ ಒಂದು ಸಾಲೂ ಬರೆದಿಲ್ಲ, ಸಾರಿ. ಬರೆಯಲು ಕೂತಾಗಲೆಲ್ಲ ಬೇರೇನೋ ಕೆಲಸ ಹುಡುಕಿಕೊಂಡು ಎದ್ದುಬಿಡುತ್ತಿದ್ದೆ.

ಇಲಿ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿದ್ದು ಹೇಳಿದ್ದೆನಲ್ಲ. ಅದು ಇರುವವರೆಗೆ ರಜೆಯಲ್ಲೂ ಹಾಸ್ಟೆಲ್ ಕೋಣೆ ನನ್ನದೇ. ಕಳೆದ ವಾರ ಆ ಕೆಲಸ ಕೈತಪ್ಪಿಯೇಬಿಡುತ್ತಿತ್ತು.

ಮೊದಲು ಮೇಡಂ ಬಗ್ಗೆ ಹೇಳುತ್ತೇನೆ. ಅವರು ಮಿದುಳಿನ ವಿಜ್ಞಾನಿ. ಅವರ ಅಪ್ಪ ಬಸ್ ಡ್ರೈವರ್ ಆಗಿದ್ದರಂತೆ. ಮೇಡಂ ಚಿಕ್ಕವರಿದ್ದಾಗ ಕಣ್ಣು ಮುಚ್ಚಿ ಕೂತು, ತಿರುವುಗಳಿಂದಲೇ ಬಸ್ ಎಲ್ಲಿದೆಯೆಂದು ಹೇಳುತ್ತಿದ್ದರಂತೆ. “ಅದು ನಂಗೆ ಹೇಗೆ ಗೊತ್ತಾಗ್ತಿತ್ತು ಅಂತ ಇಪ್ಪತ್ತೆರಡು ವರ್ಷದಿಂದ ಇಲಿಗಳನ್ನ ಕೇಳ್ತಿದೀನಿ, ಒಂದೂ ಬಾಯಿ ಬಿಡಲ್ಲ” ಎನ್ನುತ್ತಾರೆ.

ಇಲಿಯ ಮಿದುಳಿನಲ್ಲಿ ಕೂದಲಿಗಿಂತ ತೆಳ್ಳಗಿನ ತಂತಿ ಇರುತ್ತದೆ. ಇಲಿ ತಾನು ಓಡಾಡುವ ಪೆಟ್ಟಿಗೆಯ ಒಂದು ಮೂಲೆಗೆ ಬಂದಾಗ ಮಾತ್ರ ಮಿದುಳಿನ ಒಂದು ಜೀವಕೋಶ ಸ್ಪೀಕರಿನಲ್ಲಿ ಪಟಪಟ ಎನ್ನುತ್ತದೆ. ಆಮೇಲೆ, ಕಣ್ಣಿಗೆ ಕಾಣದಿದ್ದರೂ ಆ ಮೂಲೆ ಗೊತ್ತಾಗುತ್ತದೆಯೇ ಎಂದು ನೋಡಲು, ದೀಪ ಆರಿಸಿ ಅದೇ ಇಲಿಯನ್ನು ಮತ್ತೆ ಬಿಡುತ್ತೇವೆ. ನಡುವೆ ಪೆಟ್ಟಿಗೆಯನ್ನು ಸ್ಪಿರಿಟ್‌ನಲ್ಲಿ ಒರೆಸುವುದು ನನ್ನ ಕೆಲಸ. ಇಲ್ಲದಿದ್ದರೆ ಇಲಿ ತನ್ನದೇ ವಾಸನೆ ಹಿಡಿದು ಮೂಲೆಯನ್ನು ಗುರುತಿಸಿಬಿಡುತ್ತದೆ. ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡುತ್ತಿರುವ ಸೀನಿಯರ್ ಅಣ್ಣ ನನ್ನನ್ನು ಕರೆಯುವುದೇ “ಒರೆಸೋ ಖಾತೆ ಮಂತ್ರಿಗಳೇ” ಎಂದು.

ಮಂಗಳವಾರ ಕತ್ತಲಲ್ಲೂ ಸರಿಯಾದ ಮೂಲೆಯಲ್ಲೇ ಪಟಪಟ ಕೇಳಿಸಿತು. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. “ಎಲ್ಲಾ ಮಂತ್ರಿಗಳ ಕಾಲ್ಗುಣ!” ಎಂದ ಅಣ್ಣ. ನನ್ನ ಕಣ್ಣು ಸ್ಪಿರಿಟ್ ಬಾಟಲಿಯ ಮೇಲಿತ್ತು. ಹಳೆಯದು ಖಾಲಿಯಾಗಿ ಅವತ್ತು ಬೆಳಿಗ್ಗೆ ತಂದ ಹೊಸ ಬಾಟಲಿ. ಸೀಲೇ ಒಡೆದಿರಲಿಲ್ಲ.

ಸ್ಕೂಲ್ ಹಾಸ್ಟೆಲ್‌ನಲ್ಲಿ ಸ್ಟಡಿ ರಿಜಿಸ್ಟರಿಗೆ ಸೋಮವಾರವೇ ಇಡೀ ವಾರದ ಸಹಿ ಹಾಕಿಬಿಡುತ್ತಿದ್ದೆವು. ಅದೇ ಚಾಳಿ. ಲ್ಯಾಬ್ ಪುಸ್ತಕದಲ್ಲಿ ‘ಒರೆಸಿದೆ’ ಎಂಬ ಕಾಲಮ್ಮಿಗೆ ಬೆಳಿಗ್ಗೆಯೇ ಉದ್ದಕ್ಕೂ ಟಿಕ್ ಹಾಕಿದ್ದೆ. ಆಮೇಲೆ ಟಿಕ್ ನೋಡಿ, ಒರೆಸಿಯಾಯಿತು ಎಂದುಕೊಂಡೆ.

ಮೂರು ದಿನ ಬಾಯಿ ಬಿಡಲಿಲ್ಲ. ಶುಕ್ರವಾರ ಹೇಳಿದೆ.

“ಬೇರೆ ದಿನ ಒರೆಸಿದ್ಯಾ?” ಎಂದರು ಮೇಡಂ.

“ಒರೆಸಿದೀನಿ ಅನ್ಸುತ್ತೆ ಮೇಡಂ.”

“ಅನ್ಸುತ್ತೆ!” ಎಂದವರು ಪೆನ್ನು ತೆಗೆದುಕೊಂಡು ಎರಡು ತಿಂಗಳ ಪುಟಗಳಿಗೆ ಒಂದೊಂದಾಗಿ ಅಡ್ಡಗೆರೆ ಎಳೆದರು. “ಎಲ್ಲಾ ಮೊದಲಿಂದ ಮಾಡ್ಬೇಕು, ನೀನೇ ಮಾಡ್ಬೇಕು. ರಜೆಗೆ ಮನೆಗೆ ಹೋಗೋ ಹಾಗಿಲ್ಲ. ಅರ್ಥ ಆಯ್ತಾ?”

ಅಣ್ಣ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದ. ನಾನು ತಲೆ ತಗ್ಗಿಸಿ ಹೂಂ ಎಂದೆ. ನನ್ನ ನಗು ಅವರಿಗೆ ಕಾಣಬಾರದಿತ್ತು.

ಆದ್ದರಿಂದ ರಜೆಗೆ ಬರುವುದಿಲ್ಲ. ಅಂಕಲ್‌ಗೆ ನಮಸ್ಕಾರ ತಿಳಿಸು. ತಮ್ಮನಿಗೆ ಒಂದು ಮುತ್ತು. ನನ್ನ ಮೇಲೆ ನಿನ್ನ ಆಶೀರ್ವಾದವಿರಲಿ.

ನಿನ್ನ ಮಗಳು

ಇನ್ನೊಂದು ಮಾತು: ನೀನೂ ಅಂಕಲ್ಲೂ ಮದುವೆಯಾದ ಮೇಲೆ ನನ್ನ ಕೋಣೆಯನ್ನು ಅಂಕಲ್ ಮಗಳಿಗೆ ಕೊಟ್ಟಿರೆಂದು ತಮ್ಮ ಫೋನಿನಲ್ಲಿ ಹೇಳಿದ. ಹಾಲ್‌ನಲ್ಲಿ ಮಲಗುವುದು ನನಗೇನೂ ಕಷ್ಟವಲ್ಲ ಅಮ್ಮಾ. ಅದನ್ನು ನೀನೇ ಹೇಳಿದ್ದರೆ ಬರುತ್ತಿದ್ದೆ.